ಪೆಟ್ಟಿಗೆಯಲ್ಲೇ ಉಳಿದ ಪಟ್ಟದ ಗೊಂಬೆ

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬನ್ನಿ. ನಡುಮನೆಯಲ್ಲಿ ಬಿಳಿ ಪಂಚೆ ಹಾಸಿದ ಮೆಟ್ಟಿಲುಗಳ ಮೇಲೆ ಗೊಂಬೆ ಕೂರಿಸಿದ್ದಾರೆ, ಕಾಲು ತಾಗೀತು, ಜೋಪಾನ. ಕೆಳಗಿನ ಸಾಲಿನಲ್ಲಿ ಸೆಟ್ಟರ ಅಂಗಡಿ, ರಾಗಿ ಮೊಳಕೆಯ ಪಾರ್ಕು, ಬಣ್ಣ ಹೋದ ಪ್ಲಾಸ್ಟಿಕ್ ಆನೆ. ಎಲ್ಲಕ್ಕಿಂತ ಮೇಲೆ, ಕಲಶದ ಪಕ್ಕ, ಪಟ್ಟದ ಗೊಂಬೆ. ಈ ಮನೆಯ ಅಮ್ಮನಿಗೆ ಅವರ ತವರಿನವರು ಮದುವೆಯಲ್ಲಿ ಕೊಟ್ಟ ಮರದ ರಾಜ-ರಾಣಿ. ರಾಣಿಯ ಮೂಗು ಸ್ವಲ್ಪ ಸವೆದಿದೆ. ಪ್ರತಿ ವರ್ಷವೂ ಹೊಸ ಜರಿ ಸೀರೆ ಉಡಿಸುವುದರಿಂದ ಅದು ಬೇಗ ಕಣ್ಣಿಗೆ ಬೀಳುವುದಿಲ್ಲ.

ಮೈಸೂರಿನ ಒಂಟಿಕೊಪ್ಪಲು. 2023ರ ಅಕ್ಟೋಬರ್ 17, ಮಂಗಳವಾರ, ನವರಾತ್ರಿಯ ಮೂರನೇ ದಿನ. ಗಂಟೆ ಹತ್ತೂವರೆ ದಾಟಿದೆ. ಸಂಜೆ ಗೊಂಬೆ ನೋಡಲು ಬರುವ ಮಕ್ಕಳಿಗೆ ಚರ್ಪು ಕೊಡಬೇಕಲ್ಲ, ಕೊಬ್ಬರಿ ಮಿಠಾಯಿಯ ಡಬ್ಬಿ ಚಾಪೆಯ ಮೇಲಿದೆ. ಆ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ದೆಹಲಿಯ ಸುಪ್ರೀಂ ಕೋರ್ಟು. ಐದು ಕುರ್ಚಿ, ಐವರು ನ್ಯಾಯಮೂರ್ತಿಗಳು.

ಚಾಪೆಯ ಮೇಲೆ ಇಬ್ಬರು ಮೊಣಕಾಲು ಮಡಚಿ ಕೂತಿದ್ದಾರೆ. ಒಬ್ಬಳು ಈ ಮನೆಯ ಮಗಳು. ಇನ್ನೊಬ್ಬಳು ಎಂಟು ವರ್ಷದಿಂದ ಅವಳ ಜೊತೆ ಬಾಳುತ್ತಿರುವವಳು. ಅಮ್ಮ ಬೆರಳಿಗೆ ಅಂಟಿದ ಪಾಕ ಒರೆಸಿಕೊಳ್ಳುತ್ತಾ ಬಂದು ನಿಮ್ಮನ್ನೂ ಕೂರಿಸುತ್ತಾರೆ.

‘ಯಾರು ಓದ್ತಿರೋದು?’

‘ಚೀಫ್ ಜಸ್ಟಿಸ್ ಅಮ್ಮ. ಚಂದ್ರಚೂಡ್.’

‘ನಿಧಾನಕ್ಕೆ ಓದ್ತಾರೆ. ಒಳ್ಳೇದು.’

ಅವರು ಓದುತ್ತಿರುವುದು ಏಪ್ರಿಲ್‌ 18ರಿಂದ ಮೇ 11ರವರೆಗೆ ಹತ್ತು ದಿನ ನಡೆದ ವಾದದ ತೀರ್ಪು. ಇಬ್ಬರು ಗಂಡಸರೋ ಇಬ್ಬರು ಹೆಂಗಸರೋ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆ ನೋಂದಾಯಿಸಿಕೊಳ್ಳಬಹುದೇ ಎಂಬುದು ಪ್ರಶ್ನೆ. ಅರ್ಜಿದಾರರಲ್ಲಿ ಬೆಂಗಳೂರಿನ ಅಕ್ಕಯ್ ಪದ್ಮಶಾಲಿಯವರೂ ಇದ್ದಾರೆ. ಹಿಂದೂ, ಮುಸ್ಲಿಂ ವೈಯಕ್ತಿಕ ಕಾನೂನುಗಳ ತಂಟೆಗೆ ಹೋಗುವುದಿಲ್ಲ, ಈ ಒಂದು ಕಾಯ್ದೆಯನ್ನಷ್ಟೇ ನೋಡುತ್ತೇವೆ ಎಂದು ಪೀಠ ಶುರುವಿನಲ್ಲೇ ಹೇಳಿತ್ತು. ಆದರೂ ಧರ್ಮದವರು ವಿರೋಧಿಸಲು ಬಂದರು. ಜಮೀಯತ್ ಉಲಮಾ-ಎ-ಹಿಂದ್ ಬಂತು, ಅಖಿಲ ಭಾರತೀಯ ಸಂತ ಸಮಿತಿಯೂ ಬಂತು. ಬೇರೆ ಯಾವ ವಿಷಯಕ್ಕೂ ಒಂದೇ ಜಮಖಾನದ ಮೇಲೆ ಕೂರದವರು ಇಲ್ಲಿ ಒಂದೇ ಕಡೆ ನಿಂತರು. ನಗು ಬಂದರೆ ನಕ್ಕುಬಿಡಿ, ಈ ಮನೆಯಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ವಾದಕ್ಕೆ ಮೊದಲು, ಮಾರ್ಚ್‌ನಲ್ಲಿ, ಹರಿಯಾಣದ ಸಮಾಲ್ಖಾದಲ್ಲಿ ಆರೆಸ್ಸೆಸ್‌ನ ದತ್ತಾತ್ರೇಯ ಹೊಸಬಾಳೆಯವರು ಮದುವೆಯೆಂದರೆ ಸಂಸ್ಕಾರ, ಅದು ಗಂಡು ಹೆಣ್ಣಿನ ನಡುವೆಯೇ ಆಗಬೇಕು, ಬರೀ ಕರಾರಲ್ಲ ಎಂದಿದ್ದರು. ಅವರು ಸೊರಬದ ಕಡೆಯವರು, ಶಿವಮೊಗ್ಗ ಜಿಲ್ಲೆ. ಅದೇ ಜಿಲ್ಲೆಯ ಕುಪ್ಪಳಿಯವರೊಬ್ಬರ ಮನೆ ‘ಉದಯರವಿ’ ಇದೇ ಒಂಟಿಕೊಪ್ಪಲಿನಲ್ಲಿದೆ. 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಪುರೋಹಿತರಿಲ್ಲದೆ, ಮಂತ್ರಮಾಂಗಲ್ಯದ ರೀತಿಯಲ್ಲಿ ಮಾಡಿಸಿದವರು ಕುವೆಂಪು. ಮದುವೆ ಸಂಸ್ಕಾರವೇ ಇರಲಿ, ಆ ಸಂಸ್ಕಾರ ಯಾರ ಕೈಯಲ್ಲಿರಬೇಕು ಎಂಬ ಜಗಳ ನಮ್ಮಲ್ಲಿ ಹೊಸದಲ್ಲ. ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಅದು ಧರ್ಮಕ್ಕೆ ವಿರುದ್ಧ ಎಂದೇ ದೂರು ಹೋಗಿತ್ತು. ಅಪ್ಪಂದಿರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಶರಣ ಪರಂಪರೆ ಹೇಳುತ್ತದೆ. ಈ ಕಥೆ ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಅದನ್ನು ನೆನೆದು ಕಣ್ಣೀರು ಹಾಕುವವರೇ ಮನೆಯ ಮಕ್ಕಳ ವಿಷಯ ಬಂದರೆ ಆ ಶಿಕ್ಷೆ ಕೊಟ್ಟ ದೊರೆ ಬಿಜ್ಜಳನ ಕಡೆಗೆ ವಾಲುತ್ತಾರೆ.

ಮೊಬೈಲಿನಲ್ಲಿ ಧ್ವನಿ ಮುಂದುವರಿದಿದೆ. ಸಲಿಂಗ ಪ್ರೀತಿ ಪಟ್ಟಣದ ಶ್ರೀಮಂತರ ಸೊತ್ತಲ್ಲ, ಹಳ್ಳಿಯ ಹೊಲದಲ್ಲಿ ದುಡಿಯುವ ಹೆಣ್ಣಿನದ್ದೂ ಆಗಿರಬಹುದು ಎಂಬ ಅರ್ಥದ ಮಾತು ಕೇಳುತ್ತಿದೆ. ಇದು ನಗರದ ಮೇಲುವರ್ಗದವರ ಆಲೋಚನೆ ಎಂದು ಕೇಂದ್ರ ಸರ್ಕಾರ ಹೇಳಿದ್ದಕ್ಕೆ ಇದು ಉತ್ತರ. ಸರ್ಕಾರದ ವಕೀಲರಿಗೆ 1987ರ ಭೋಪಾಲದ ಸಂಗತಿ ಯಾರಾದರೂ ನೆನಪಿಸಬೇಕಿತ್ತು. ಇಬ್ಬರು ಮಹಿಳಾ ಪೊಲೀಸರು ಪರಸ್ಪರ ಮದುವೆಯಾದರು, ಸುದ್ದಿಯಾಯಿತು, ಇಬ್ಬರ ಕೆಲಸವೂ ಹೋಯಿತು. ಪೊಲೀಸ್ ಪೇದೆಗಳು ಯಾವ ಲೆಕ್ಕದಲ್ಲಿ ಮೇಲುವರ್ಗ?

ಒಟ್ಟಿಗೆ ಬಾಳುವ ಹಕ್ಕಿಗೆ ಸರ್ಕಾರ ಮನ್ನಣೆ ಕೊಡಬೇಕು, ಮದುವೆಯಾಗದ ಜೋಡಿಗೂ ದತ್ತು ಸಿಗಬೇಕು ಎಂದು ಮುಖ್ಯ ನ್ಯಾಯಮೂರ್ತಿಗಳು ಓದುತ್ತಿದ್ದಂತೆ ಮಗಳ ಕೈ ಪಕ್ಕದವಳ ಕೈ ಹಿಡಿಯುತ್ತದೆ. ಬಳೆ ಸದ್ದು. ಅಮ್ಮ ಎದ್ದು ನಿಲ್ಲುತ್ತಾರೆ.

‘ಆಯ್ತೇನೇ? ಗೆದ್ರಾ?’

‘ಅಮ್ಮ, ಸ್ವಲ್ಪ ಸುಮ್ನಿರು. ಇನ್ನೂ ಮೂರು ಜನ ಓದ್ಬೇಕು.’

ಅಮ್ಮನಿಗೆ ತಡೆಯಲಾಗುವುದಿಲ್ಲ. ಕೋಣೆಗೆ ಹೋಗಿ ಬೀರುವಿನ ಮೇಲಿಂದ ರಟ್ಟಿನ ಪೆಟ್ಟಿಗೆಯೊಂದನ್ನು ಇಳಿಸಿ ತರುತ್ತಾರೆ. ಸೆಣಬಿನ ಹುರಿ ಬಿಚ್ಚಿದರೆ ಒಳಗೆ ಹಳದಿಯಾದ ದಿನಪತ್ರಿಕೆ, ಅದರೊಳಗೆ ಇನ್ನೂ ಎಣ್ಣೆಯ ಹೊಳಪಿರುವ ಒಂದು ಜೊತೆ ಪಟ್ಟದ ಗೊಂಬೆ. ಮಗಳು ಪಿಯುಸಿ ಓದುತ್ತಿದ್ದಾಗಲೇ ತಂದಿಟ್ಟದ್ದಂತೆ, ಮದುವೆಗೆ ಕೊಡಲು. ನೀವು ಅವುಗಳನ್ನು ಕೈಯಲ್ಲಿ ಹಿಡಿದು ನೋಡುತ್ತೀರಿ. ಹಗುರ. ರಾಜನ ಪೇಟದ ಅಂಚಿಗೆ ಪತ್ರಿಕೆಯ ಅಕ್ಷರ ಅಂಟಿಕೊಂಡಿದೆ, ಉಲ್ಟಾ.

ಅಮ್ಮ ದೇವರನ್ನು ಬಿಟ್ಟವರಲ್ಲ, ಇದು ನಿಮಗೆ ಗೊತ್ತಿರಲಿ. ಶುಕ್ರವಾರ ಹೊಸ್ತಿಲಿಗೆ ಅರಿಶಿನ ತಪ್ಪಿಸಿದವರಲ್ಲ. ಮಗಳು ತಮ್ಮಿಬ್ಬರ ವಿಷಯ ಹೇಳಿದ ಮೊದಲ ವರ್ಷ ಅವರು ಮಾತು ಬಿಟ್ಟಿದ್ದರು. ಆಮೇಲೆ ಆ ಇನ್ನೊಬ್ಬಳಿಗೆ ಡೆಂಗಿ ಬಂದು ಆಸ್ಪತ್ರೆ ಸೇರಿದಾಗ, ಸಹಿ ಹಾಕಲು ರಕ್ತಸಂಬಂಧಿ ಬೇಕು ಎಂದು ಕೌಂಟರಿನಲ್ಲಿ ಮಗಳನ್ನು ನಿಲ್ಲಿಸಿಬಿಟ್ಟರು. ಬೆಳಗಾವಿಯಿಂದ ಅಣ್ಣ ಬರುವವರೆಗೂ ಮಗಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾದಳು. ಅಮ್ಮ ಪಕ್ಕದಲ್ಲಿದ್ದರು. ‘ಆವತ್ತೇ ನನಗೆ ಗೊತ್ತಾಯ್ತು ಕಣಪ್ಪ, ಮದುವೆ ಅಂದ್ರೆ ಆ ಸಹಿ ಅಂತ. ಮಿಕ್ಕಿದ್ದೆಲ್ಲ ನಾವು ಊಟಕ್ಕೆ ಕರೆಯೋ ನೆಪ’ ಎಂದು ಅವರು ನಿಮಗೆ ಹೇಳುತ್ತಾರೆ. ಸಮಾನತೆಯ ಪರವಾದ ಹತ್ತು ದಿನದ ವಾದದಲ್ಲಿ ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಕ್ಕಿಲ್ಲ. ಅಂದ ಹಾಗೆ, ಇಂಥ 400ಕ್ಕೂ ಹೆಚ್ಚು ತಂದೆತಾಯಿಯರು ಆ ಏಪ್ರಿಲ್‌ನಲ್ಲೇ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದಿದ್ದರು. ಅದೇ ದಿನಗಳಲ್ಲಿ ದೇಶದ ಶೇ 99.9ಕ್ಕಿಂತ ಹೆಚ್ಚು ಜನ ಸಲಿಂಗ ವಿವಾಹಕ್ಕೆ ವಿರುದ್ಧ ಎಂದು ಭಾರತೀಯ ವಕೀಲರ ಪರಿಷತ್ತು ನಿರ್ಣಯ ಮಾಡಿತು. ಜೂನ್‌ನಲ್ಲಿ ಪ್ಯೂ ಸಂಸ್ಥೆಯ ಸಮೀಕ್ಷೆ ಬಂದಾಗ ಭಾರತದಲ್ಲಿ ಶೇ 53ರಷ್ಟು ಜನ ಒಪ್ಪಿಗೆ ಎಂದಿದ್ದರು.

ಧರ್ಮದವರ ಆತಂಕವನ್ನು ತಳ್ಳಿಹಾಕಿ ಎಂದು ನಾನು ಹೇಳುತ್ತಿಲ್ಲ. ತಮ್ಮ ಮಂತ್ರ ತಾವು ಯಾರಿಗೆ ಹೇಳಬೇಕು, ನಿಕಾಹ್ ಯಾರಿಗೆ ಓದಬೇಕು, ಚರ್ಚಿನಲ್ಲಿ ಯಾರ ಕೈ ಯಾರಿಗೆ ಹಿಡಿಸಬೇಕು ಎಂಬುದು ಅವರಿಗೇ ಬಿಟ್ಟದ್ದು, ಬೇಡವೆನ್ನುವ ಅಧಿಕಾರ ಅವರಿಗಿರಲಿ. ಆದರೆ ಈ ವಿಶೇಷ ವಿವಾಹ ಕಾಯ್ದೆಯ ಹುಟ್ಟು ನೋಡಿ. ಬ್ರಹ್ಮ ಸಮಾಜದ ಕೇಶವಚಂದ್ರ ಸೇನರ ಒತ್ತಾಯದಿಂದ 1872ರಲ್ಲಿ ಇದರ ಪೂರ್ವಜ ಕಾಯ್ದೆ ಬಂದಾಗ, ವಧೂವರರು ತಾವು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತರಲ್ಲ ಎಂದೆಲ್ಲ ಬರೆದುಕೊಡಬೇಕಿತ್ತು. ಧರ್ಮ ಬಿಟ್ಟರೆ ಮಾತ್ರ ಮದುವೆ! 1954ರ ಕಾಯ್ದೆ ಆ ಷರತ್ತನ್ನು ತೆಗೆಯಿತು. ಪುರೋಹಿತರ, ಖಾಜಿಗಳ, ಪಾದ್ರಿಗಳ ಅಪ್ಪಣೆ ಬೇಡದವರಿಗಾಗಿಯೇ ಕಟ್ಟಿದ ಬಾಗಿಲು ಇದು. ಅದರ ಮುಂದೆಯೂ ಅವರೇ ಬಂದು ಕಾವಲು ನಿಂತರೆ ಹೇಗೆ?

ನ್ಯಾಯಮೂರ್ತಿ ಕೌಲ್ ಅವರದು ಮುಖ್ಯ ನ್ಯಾಯಮೂರ್ತಿಗಳ ಜೊತೆಗೇ ಇದೆ. ಎರಡಾಯಿತು. ಈಗ ನ್ಯಾಯಮೂರ್ತಿ ರವೀಂದ್ರ ಭಟ್ ಓದಲು ಶುರುಮಾಡಿದ್ದಾರೆ. ಮಗಳ ಮುಖ ನೋಡುತ್ತಿರಿ, ತೆರೆ ನೋಡಬೇಕಾಗಿಲ್ಲ. ಮದುವೆ ಮೂಲಭೂತ ಹಕ್ಕಲ್ಲ ಎಂಬುದರಲ್ಲಿ ಐವರಿಗೂ ಒಮ್ಮತ. ಮದುವೆಯಲ್ಲದಿದ್ದರೂ ಅದಕ್ಕೆ ಸಮನಾದ ಕಾನೂನಿನ ಮನ್ನಣೆ ಕೊಡಿ ಎಂದು ನ್ಯಾಯಾಲಯ ಹೇಳಲಾಗದು, ಅದು ಸಂಸತ್ತಿನ ಕೆಲಸ ಎನ್ನುತ್ತಾರೆ ಭಟ್. ಹಿಮಾ ಕೊಹ್ಲಿಯವರ ಒಪ್ಪಿಗೆ ಅದಕ್ಕಿದೆ. ಕೊನೆಗೆ ನರಸಿಂಹ ಅವರೂ ಅದೇ ಕಡೆ. ಮೂರಕ್ಕೆ ಎರಡು. ದತ್ತು ಸಹ ಇಲ್ಲ. ಒಬ್ಬಂಟಿ ಹೆಣ್ಣಿಗೆ ಮಗು ದತ್ತು ಸಿಗುತ್ತದೆ, ಇಬ್ಬರು ಹೆಂಗಸರು ಸೇರಿ ಕೇಳಿದರೆ ಸಿಗುವುದಿಲ್ಲ. ಗಂಡು-ಹೆಣ್ಣಿನ ಸಂಬಂಧದಲ್ಲಿರುವ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಈಗಿರುವ ಕಾನೂನಿನಲ್ಲೇ ಮದುವೆಯಾಗಬಹುದು ಎಂಬುದಷ್ಟೇ ಗಟ್ಟಿಯಾಗಿ ದಕ್ಕಿದ್ದು. ಉಳಿದದ್ದಕ್ಕೆ ಒಂದು ಸಮಿತಿ.

ಯಾರೂ ಅಳುವುದಿಲ್ಲ. ಮಗಳು ಮೊಬೈಲನ್ನು ಮಗುಚಿಡುತ್ತಾಳೆ. ಅವಳ ಜೊತೆಗಾತಿ ಕೊಬ್ಬರಿ ಮಿಠಾಯಿ ಎಣಿಸಲು ಶುರುಮಾಡುತ್ತಾಳೆ, ಸಂಜೆಗೆ ಎಷ್ಟು ಮಕ್ಕಳು ಎಂದು ಲೆಕ್ಕ ಹಾಕುತ್ತಾ. ಎರಡು ಸಲ ಲೆಕ್ಕ ತಪ್ಪುತ್ತಾಳೆ.

‘ಪಾರ್ಲಿಮೆಂಟಲ್ಲಿ ಯಾವಾಗ ಮಾಡ್ತಾರಂತೆ?’ ಅಮ್ಮ ಕೇಳುತ್ತಾರೆ.

‘ಮಾಡಲ್ಲ ಅಮ್ಮ.’

‘ಹಂಗನ್ಬೇಡ. ಮಡಿ ದಿನ.’

ಗೊಂಬೆಗಳನ್ನು ಮತ್ತೆ ಅದೇ ಪತ್ರಿಕೆಯಲ್ಲಿ ಸುತ್ತುವಾಗ ಅಮ್ಮನ ಕೈ ಒಂದು ಕ್ಷಣ ನಿಲ್ಲುತ್ತದೆ. ಹುರಿ ಬಿಗಿಯುವುದು ನೀವು. ಬೀರುವಿನ ಮೇಲೆ ಎತ್ತಿಡುವುದೂ ನೀವೇ, ಅವರಿಗೆ ಮೊಣಕಾಲು ನೋವು. ಹೊರಡುವಾಗ ಅಮ್ಮ ನಿಮ್ಮ ಕೈಗೆ ಎರಡು ಮಿಠಾಯಿ ಹಾಕುತ್ತಾರೆ. ಇಬ್ಬರು ಹುಡುಗಿಯರಿಗೂ ಒಂದೇ ಬಟ್ಟಲಿನಿಂದ ಕುಂಕುಮ ಕೊಡುತ್ತಾರೆ.

ಮರುದಿನ ದೆಹಲಿಯಲ್ಲಿ ಅರ್ಜಿದಾರರೊಬ್ಬರು ತಮ್ಮ ಸಂಗಾತಿಯ ಜೊತೆ ಅದೇ ಸುಪ್ರೀಂ ಕೋರ್ಟಿನ ಮುಂದೆ ಉಂಗುರ ಬದಲಾಯಿಸಿಕೊಂಡರು. 2024ರ ಆಗಸ್ಟ್‌ನಲ್ಲಿ, ಇಂಥ ಜೋಡಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲ ಎಂದು ಹಣಕಾಸು ಸಚಿವಾಲಯ ತಿಳಿಸಿತು. ಒಂಟಿಕೊಪ್ಪಲಿನ ಇಬ್ಬರೂ ತೆರೆದರು. ಮರುಪರಿಶೀಲನೆ ಕೋರಿದ ಅರ್ಜಿಗಳನ್ನು 2025ರ ಜನವರಿ 9ರಂದು ಐವರ ಪೀಠ ವಜಾ ಮಾಡಿತು. ಪೀಠದಲ್ಲಿ ನಮ್ಮ ಬಿ.ವಿ. ನಾಗರತ್ನ ಅವರೂ ಇದ್ದರು. ಪೆಟ್ಟಿಗೆ ಬೀರುವಿನ ಮೇಲಿದೆ.