75 ವ್ಯಾಟ್

ಮಂಡಿಪೇಟೆಯ ಅಂಗಡಿಯೊಂದಕ್ಕೆ ಹೊಸ ಕಂಪ್ಯೂಟರ್ ಬಂದಾಗ, ವರ್ಷಗಟ್ಟಲೆ ಟ್ಯಾಲಿ ಲೆಕ್ಕ ಹೊತ್ತಿದ್ದ ಹಳೆಯದು ಎರಡೂವರೆ ಸಾವಿರಕ್ಕೆ ನಮ್ಮ ಮನೆಗೆ ಬಂತು. ನಾಲ್ಕನೇ ತಲೆಮಾರಿನ ಐ3, 8 ಜಿಬಿ ರ‍್ಯಾಮ್, 240 ವ್ಯಾಟಿನ ಪವರ್ ಸಪ್ಲೈ. ಡಬ್ಬಿ ಬಿಚ್ಚಿ ಬ್ರಷ್‌ನಿಂದ ದೂಳು ಜಾಡಿಸಿದರೆ ಮೆಣಸಿನಕಾಯಿ ಘಾಟು. ನಾನೂ ಅಪ್ಪಾಜಿಯೂ ಸೀನಿದ್ದೇ ಸೀನಿದ್ದು.

ಅದೇ ಮಂಡಿಗಳ ಮುಂದೆ ಲೋಡು ತುಂಬಿಸಿಕೊಂಡು ಹರಿಹರ, ರಾಣೆಬೆನ್ನೂರು, ಹುಬ್ಬಳ್ಳಿ, ಬೆಳಗಾವಿ ದಾಟಿ ಮುಂಬೈವರೆಗೆ ಇಪ್ಪತ್ತೆಂಟು ವರ್ಷ ಲಾರಿ ಓಡಿಸಿದವರು ಅಪ್ಪಾಜಿ. ಸಕ್ಕರೆ ಕಾಯಿಲೆಯಿಂದ ಬಲಗಾಲು ಜೋಮು ಹಿಡಿಯಿತು. ಬ್ರೇಕ್ ತುಳಿದದ್ದು ಕಾಲಿಗೇ ತಿಳಿಯದಾದಾಗ ಡಾಕ್ಟರು ಸ್ಟೇರಿಂಗ್ ಬಿಡಿಸಿದರು. ಆಮೇಲೆ ಅವರು ಕಟ್ಟೆಯ ಮೇಲೆ ಕೂತು, ಸದ್ದಿನಿಂದಲೇ ಯಾವ ಲಾರಿ ಹೋಯಿತೆಂದು ಹೇಳುತ್ತಿದ್ದರು.

ನಾನು ಹಾಕಿಕೊಂಡಿದ್ದ ಆಟ 'ಯೂರೋ ಟ್ರಕ್ ಸಿಮ್ಯುಲೇಟರ್ 2'. ಜೆಕ್ ದೇಶದ ಎಸ್‌ಸಿಎಸ್ ಸಾಫ್ಟ್‌ವೇರ್ ಕಂಪನಿ 2012ರಲ್ಲಿ ತಂದದ್ದು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಮ್ಮ ಡಬ್ಬಿಯಲ್ಲಿ ಊರೊಳಗೆ ಹೋದರೆ ಸೆಕೆಂಡಿಗೆ ಹನ್ನೆರಡು ಚಿತ್ರವೂ ಬರುತ್ತಿರಲಿಲ್ಲ. ಒಂದು ಸಂಜೆ ಅಪ್ಪಾಜಿ ಕೂತರು. ಅವರು ಬ್ರೇಕ್ ಒತ್ತಿದರು, ಪರದೆ ತಡೆದು ತಡೆದು ಚಲಿಸಿತು, ಲಾರಿ ಮುಂದಿನ ಕಾರಿಗೆ ಗುದ್ದಿತು. "ನನ್ ಕೈಲಿ ಆಗಲ್ಲ ಬಿಡಲೇ" ಎಂದು ಎದ್ದುಹೋದರು.

ತಪ್ಪು ಅವರದಲ್ಲ, ಯಂತ್ರದ್ದು ಎಂದೆ. ನಂಬಲಿಲ್ಲ. ಒಮ್ಮೆ ಸ್ಟೇರಿಂಗ್ ಕಳೆದುಕೊಂಡವರಿಗೆ ನಾನು ಎರಡನೇ ಸಲ ಅದನ್ನು ಕಳೆಸಿದ್ದೆ.

ಟ್ಯೂಷನ್ ಹೇಳಿ ಉಳಿಸಿದ ದುಡ್ಡಿತ್ತು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಮೈನಿಂಗ್ ನಿಂತ ಮೇಲೆ ಹಳೇ ಕಾರ್ಡುಗಳು ಅಗ್ಗವಾಗಿದ್ದವು. ಗೆಳೆಯ ಆರ್‌ಎಕ್ಸ್ 570 ತಗೋ ಎಂದ. ಆದರೆ ಅದೊಂದಕ್ಕೇ 150 ವ್ಯಾಟ್ ಬೇಕು, ಬೇರೆ ವೈರೂ ಬೇಕು. ನಮ್ಮ ಪವರ್ ಸಪ್ಲೈಯಲ್ಲಿ ಆ ವೈರೇ ಇಲ್ಲ. ಮದರ್‌ಬೋರ್ಡಿನ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್.

ಇದನ್ನು ಅಪ್ಪಾಜಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಹತ್ತು ಟನ್ ಗಾಡಿಗೆ ಇಪ್ಪತ್ತು ಟನ್ ಹಾಕಿದ್ರೆ ಎಕ್ಸೆಲ್ ಕಟ್ಟಾಗುತ್ತೆ. ಗಾಡಿ ನೋಡಿ ಲೋಡ್ ಹಾಕು" ಎಂದರು.

ಹಾಗೆ ಆರಿಸಿದ್ದು ಜಿಟಿಎಕ್ಸ್ 1650. ಸರಿಯಾಗಿ 75 ವ್ಯಾಟ್. ಇದರ ಕೆಲವು ಮಾದರಿಗಳೂ ಬೇರೆ ವೈರ್ ಕೇಳುತ್ತವೆ, ಕೇಳದ್ದನ್ನೇ ಹುಡುಕಿ ಸೆಕೆಂಡ್‌ಹ್ಯಾಂಡ್‌ನಲ್ಲಿ ಆರೂವರೆ ಸಾವಿರಕ್ಕೆ ತಂದೆ. ಕೂರಿಸಿ ಸ್ವಿಚ್ ಹಾಕಿದರೆ ಪರದೆ ಕಪ್ಪು! ನನ್ನ ಕೈಕಾಲು ತಣ್ಣಗಾದವು. ಟಾರ್ಚ್ ಹಿಡಿದು ನಿಂತಿದ್ದ ಅಪ್ಪಾಜಿ, "ವೈರ್ ಇನ್ನೂ ಹಳೇ ತೂತಲ್ಲೇ ಐತಲ್ಲಲೇ" ಎಂದರು. ನಿಜವೇ. ಹಳೇ ಮಾನಿಟರಿನ ವಿಜಿಎ ಪಿನ್ನಿಗೆ ಹೊಸ ಕಾರ್ಡಿನಲ್ಲಿ ಜಾಗವೂ ಇರಲಿಲ್ಲ. ಮತ್ತೆ ಓಡಿಹೋಗಿ ಮುನ್ನೂರು ರೂಪಾಯಿಯ ಕನ್ವರ್ಟರ್ ತಂದೆ.

ಈಗ ಪರದೆ ನೀರಿನಂತೆ ಹರಿಯಿತು. ಅಪ್ಪಾಜಿ ಮಾತ್ರ ಯುರೋಪಿನ ರಸ್ತೆಯಲ್ಲಿ ಎಡಗಡೆಗೇ ಹೋಗಿ ಎದುರಿನ ಲಾರಿಗೆ ಗುದ್ದಿದರು. ಈ ಸಲ ಎದ್ದುಹೋಗಲಿಲ್ಲ. "ತಪ್ಪು ಸೈಡಲ್ಲಿ ಬರ್ತಾನೆ ನೋಡು" ಎಂದು ಬೈದರು. ನಾನು ಆಟವನ್ನು ಬ್ರಿಟನ್ನಿಗೆ ಬದಲಿಸಿದೆ. ಅಲ್ಲಿ ನಮ್ಮಂತೆಯೇ ಎಡಬದಿ.

"ಎಷ್ಟು ಟನ್?" ಎಂದು ಕೇಳಿಕೊಂಡೇ ಲಂಡನ್ನಿನಿಂದ ಹೊರಟರು. ಡೋವರಿನಲ್ಲಿ ಲಾರಿ ನಿಲ್ಲಿಸಲು ಟ್ರೇಲರನ್ನು ರಿವರ್ಸ್ ತೆಗೆಯುವಾಗ, ಕನ್ನಡಿ ನೋಡಲು ಕುರ್ಚಿಯಲ್ಲೇ ಪಕ್ಕಕ್ಕೆ ವಾಲಿದರು. ಬ್ರೇಕಿನ ಕೀಲಿ ಅವರ ಬೆರಳಡಿಯಲ್ಲೇ ಇತ್ತು. ಬಿದ್ದ ಸ್ಕ್ರೂ ಒಂದನ್ನು ಹುಡುಕಲು ನಾನು ಮೇಜಿನಡಿ ಬಗ್ಗಿದೆ.

ಜೋಮು ಹಿಡಿದ ಆ ಬಲಗಾಲು ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು.