ಎರೆ ನೆಲದ ಮೇಲೆ ಡಾಂಬರು

ಸೊಲ್ಲಾಪುರದ ಕಡೆಯಿಂದ ವಿಜಯಪುರಕ್ಕೆ ರೈಲಿನಲ್ಲಿ ಬರುವವರಿಗೆ ಹೋಟಗಿ, ಲಚ್ಯಾಣ ದಾಟಿದ ಮೇಲೆ ಒಂದು ನಿಲ್ದಾಣ ಸಿಗುತ್ತದೆ. ಹಳದಿ ಹಲಗೆಯ ಮೇಲೆ ‘ಇಂಡಿ ರೋಡ್’ ಎಂದು ಬರೆದಿದೆ. ಇಂಡಿ ಬಂತೆಂದು ಗಡಿಬಿಡಿಯಿಂದ ಗಂಟುಮೂಟೆ ಇಳಿಸಿದವನಿಗೆ ಊರು ಮಾತ್ರ ಕಾಣುವುದಿಲ್ಲ. ಹೆಸರಿನ ಬಾಲದಲ್ಲಿರುವ ‘ರೋಡ್’ ಎಂಬ ಪದದ ಅರ್ಥ ಆಗ ಹೊಳೆಯುತ್ತದೆ: ರೈಲಿನ ಕೆಲಸ ಇಲ್ಲಿಗೆ ಮುಗಿಯಿತು, ಇನ್ನು ಮುಂದಿನದು ರಸ್ತೆಯ ಪಾಲು. ವಿಜಯಪುರದಿಂದ ದಕ್ಷಿಣಕ್ಕೆ ಹೋದರೆ ತೆಲಗಿಯ ಹತ್ತಿರ ಇನ್ನೊಂದು ಇಂಥದೇ ನಿಲ್ದಾಣ, ‘ಬಸವನಬಾಗೇವಾಡಿ ರೋಡ್’. ಸಿಂದಗಿ, ಮುದ್ದೇಬಿಹಾಳಗಳಿಗೆ ಅಷ್ಟೂ ಇಲ್ಲ. ಅಲ್ಲಿ ರೈಲೇ ಇಲ್ಲ. ಆಲಮಟ್ಟಿಯಿಂದ ಮುದ್ದೇಬಿಹಾಳದ ಮೇಲೆ ಯಾದಗಿರಿಗೆ ಹಳಿ ಹಾಕಬೇಕೆಂಬ ಬೇಡಿಕೆ ಹಳೆಯದು, ಬೇಡಿಕೆಯಾಗಿಯೇ ಉಳಿದಿದೆ.

ಈ ರೈಲುಮಾರ್ಗ ಹುಟ್ಟಿದ್ದೂ ಬರಗಾಲದಿಂದಲೇ. 1876ರಿಂದ 78ರವರೆಗಿನ ದೊಡ್ಡ ಬರದಲ್ಲಿ ಈ ಸೀಮೆ, ಅಂದರೆ ಆಗಿನ ಕಲಾದಗಿ ಜಿಲ್ಲೆ, ಜನ ದನ ಎರಡನ್ನೂ ಕಳೆದುಕೊಂಡಿತು. ಹೊರಗಿನಿಂದ ಧಾನ್ಯ ತಂದರೂ ಒಳಗಿನ ಹಳ್ಳಿಗಳಿಗೆ ಮುಟ್ಟಿಸಲು ದಾರಿಯಿರಲಿಲ್ಲ. ಮುಂದೆ ಇಂಥ ಗತಿ ಬರಬಾರದೆಂದು ಸದರ್ನ್ ಮರಾಠಾ ರೈಲ್ವೆ ಕಂಪನಿ 1884ರ ಹೊತ್ತಿಗೆ ಗದಗ–ಹೋಟಗಿ ಮಾರ್ಗ ಹಾಕಿತು. ಊರೂರಿನ ರಸ್ತೆಗಳದೂ ಬಹುಮಟ್ಟಿಗೆ ಇದೇ ಕಥೆ. ಬರ ಬಿದ್ದಾಗ ಕಾಮಗಾರಿ, ಕಾಮಗಾರಿಯೆಂದರೆ ಕಲ್ಲು ಒಡೆಯುವುದು, ಮಣ್ಣು ಹೊರುವುದು. ‘ಎಪ್ಪತ್ತೆರಡರ ಬರ’ದಲ್ಲಿ ಬುಟ್ಟಿ ಹೊತ್ತದ್ದನ್ನು ನೆನೆಯುವ ಹಿರಿಯರು ಇಂದಿಗೂ ಕಟ್ಟೆಗಳ ಮೇಲೆ ಸಿಗುತ್ತಾರೆ. ಈ ಜಿಲ್ಲೆಯ ಎಷ್ಟೋ ರಸ್ತೆಗಳು ಹಸಿದವರ ಕೈಯಿಂದ ಆದಂಥವು.

ಇಷ್ಟು ಜನ ಇಷ್ಟು ವರ್ಷ ಕಟ್ಟಿದ ರಸ್ತೆ ನಿಲ್ಲುವುದಿಲ್ಲವೇಕೆ?

ಬಸ್ಸಿನಲ್ಲಿ ಈ ಪ್ರಶ್ನೆಗೆ ಉತ್ತರ ಹೀಗೆ ಸಿಗುತ್ತದೆ. “ಹೋದ ವರ್ಷನ ಮಾಡಿದ್ರಲ್ಲೋ ತಮ್ಮಾ ಈ ರೋಡ?” ಎಂದು ಮುಂದಿನ ಸೀಟಿನ ಮುದುಕ ಕೇಳುತ್ತಾನೆ. “ಮಾಡಿದ್ರು ಯಜಮಾನ್ರ, ಮಳಿನೂ ಆತಲ್ಲ” ಎನ್ನುತ್ತಾನೆ ಕಂಡಕ್ಟರ್. ಗುತ್ತಿಗೆದಾರನನ್ನು ಬಯ್ಯುವುದು ಇದರ ಮುಂದಿನ ಮಾತು. ಬಯ್ಗುಳ ಹಲವು ಸಲ ಯೋಗ್ಯವೇ. ಆದರೆ ಎಲ್ಲ ತಪ್ಪೂ ಅವನದಲ್ಲ, ನೆಲದ ಪಾಲೂ ಇದೆ.

ಇದು ಎರೆ ಭೂಮಿ. ಬಿಳಿಜೋಳ, ಕಡಲೆ, ಗೋಧಿ ಕೊಡುವ ಈ ಕಪ್ಪು ಮಣ್ಣು ಹಿಂಗಾರಿ ಬೆಳೆಗೆ ತಾಯಿ ಇದ್ದಂತೆ. ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಂಡು ಪೈರು ಸಾಕುತ್ತದೆ. ರೈತನಿಗೆ ವರವಾದ ಆ ಗುಣವೇ ರಸ್ತೆಗೆ ಶಾಪ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಈ ಮಣ್ಣಿನಲ್ಲಿ ಹೆಚ್ಚು. ಅದರ ಪದರುಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ನೀರು ಹೋದರೆ ಕುಗ್ಗಿ, ಅಂಗೈ ಇಳಿಯುವಷ್ಟು ಬಿರುಕು ಬಿಡುತ್ತದೆ. ರಸ್ತೆಯ ನಡುವೆ ಡಾಂಬರಿನ ಕೆಳಗಿನ ಮಣ್ಣು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತದೆ. ಅಂಚಿನ ಮಣ್ಣಾದರೋ ಮಳೆಗೆ ಉಬ್ಬಿ ಬಿಸಿಲಿಗೆ ಇಳಿದು ಒದ್ದಾಡುತ್ತದೆ. ಆದ್ದರಿಂದಲೇ ಈ ಕಡೆಯ ರಸ್ತೆಗಳು ಮೊದಲು ಸೀಳುವುದು ಅಂಚಿಗೆ, ಉದ್ದಕ್ಕೆ. ಆ ಸೀಳಿನಲ್ಲಿ ಮುಂದಿನ ಮಳೆ ಇಳಿಯುತ್ತದೆ, ಅದರ ಮುಂದಿನ ವರ್ಷ ಅಲ್ಲೊಂದು ತಗ್ಗು.

ವಿದ್ಯಾರ್ಥಿಗಳು ಮನೆಯಲ್ಲೇ ಇದನ್ನು ಪರೀಕ್ಷಿಸಬಹುದು. ಎರಡು ಗಾಜಿನ ಲೋಟದಲ್ಲಿ, ಒಂದರಲ್ಲಿ ಒಣಗಿಸಿ ಪುಡಿ ಮಾಡಿದ ಎರೆಮಣ್ಣು, ಇನ್ನೊಂದರಲ್ಲಿ ಮಡ್ಡಿಯಿಂದ ತಂದ ಗರಸು, ಎರಡನ್ನೂ ಒಂದೇ ಎತ್ತರಕ್ಕೆ ತುಂಬಿ ನೀರು ಹಾಕಿ ಮರುದಿನ ನೋಡಿದರೆ ಸಾಕು. ಎರೆಮಣ್ಣು ಮೇಲೆದ್ದಿರುತ್ತದೆ, ಗರಸು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ರಸ್ತೆ ಕಟ್ಟುವ ಎಂಜಿನಿಯರು ಮಾಡುವುದೂ ಇದರಿಂದ ಕಲಿತ ಪಾಠವೇ. ಎರೆಯನ್ನು ಒಂದಷ್ಟು ಆಳ ತೆಗೆದು ಗರಸು ತುಂಬಬೇಕು, ಇಲ್ಲವೆ ಸುಣ್ಣ ಕಲೆಸಿ ಅದರ ಸೊಕ್ಕು ಇಳಿಸಬೇಕು. ರಸ್ತೆಯನ್ನು ಹೊಲಕ್ಕಿಂತ ಎತ್ತರಿಸಿ ಎರಡೂ ಬದಿಗೆ ಗಟಾರ ತೋಡಬೇಕು. ಮೇಲಿನ ಡಾಂಬರು ಉದ್ಘಾಟನೆಯ ದಿನ ಎಲ್ಲರಿಗೂ ಕಾಣುತ್ತದೆ. ಕೆಳಗಿನ ಗರಸು ಯಾರಿಗೂ ಕಾಣುವುದಿಲ್ಲ. ಖರ್ಚು ಉಳಿಸುವ ಮನಸ್ಸಿದ್ದವರು ಎಲ್ಲಿ ಉಳಿಸುತ್ತಾರೆಂಬುದು ಬಿಡಿಸಿ ಹೇಳಬೇಕಾದ ಒಗಟಲ್ಲ.

ಇಂಡಿಯ ಪೇಟೆಯಲ್ಲಿ ರಸ್ತೆಯ ಬೆಲೆ ಲಿಂಬೆಹಣ್ಣಿನಲ್ಲಿ ತಿಳಿಯುತ್ತದೆ. ಈ ತಾಲ್ಲೂಕಿನ ಲಿಂಬೆಗೆ ಈಚೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಬುಡದಿಂದ ಆರಿಸಿದ ಹಣ್ಣು ಚೀಲದಲ್ಲಿ ಒತ್ತೊತ್ತಾಗಿ ಕೂತು ತೋಟದಿಂದ ಪೇಟೆಗೆ, ಪೇಟೆಯಿಂದ ದೂರದ ಮಾರುಕಟ್ಟೆಗೆ ಹೋಗಬೇಕು. ದಾರಿಯ ತಗ್ಗಿಗೊಮ್ಮೆ ಚೀಲ ಕುಲುಕಿದರೆ ಅಡಿಯ ಹಣ್ಣು ಜಜ್ಜಿ, ಎರಡು ದಿನಕ್ಕೆ ಕಪ್ಪಾಗುತ್ತದೆ. ಮುಖ್ಯ ಹೆದ್ದಾರಿ ಝಳಕಿಯ ಮೇಲೆ ಹಾದು ಹೋಗಿದೆ. ಅಲ್ಲಿಗೆ ಮುಟ್ಟಿದರೆ ಲಾರಿಗೆ ಚಿಂತೆಯಿಲ್ಲ. ಅಲ್ಲಿಯವರೆಗಿನದೇ ಪಾಡು.

ಇಂಡಿಯಿಂದ ಸಿಂದಗಿಯ ಹಾದಿಯಲ್ಲಿ ಚಳಿಗಾಲಕ್ಕೆ ಹೋದವರಿಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ತಪ್ಪುವುದಿಲ್ಲ. ಎರಡೆರಡು ಟ್ರೇಲರ್, ಆಕಾಶಕ್ಕೆ ಹಾಡು, ಹಿಂದೆ ಅರ್ಧ ಮೈಲಿ ಧೂಳು. ಭೀಮಾ ತೀರದ ಕಬ್ಬು ಸಕ್ಕರೆ ಕಾರ್ಖಾನೆಗೆ ಹೋಗುವ ಈ ದಾರಿಗಳನ್ನು ಮೊದಲು ಮಾಡಿದ್ದು ಚಕ್ಕಡಿಗೆ, ಆಮೇಲೆ ಬಸ್ಸಿಗೆ. ಅಷ್ಟೇ ಅಲ್ಲ, ಆ ಕಾಲಕ್ಕೆ ಹೊಲವೂ ಎಂಟು ತಿಂಗಳು ಒಣಗಿರುತ್ತಿತ್ತು. ಈಗ ನಾರಾಯಣಪುರ ಎಡದಂಡೆ ಕಾಲುವೆಯ ಇಂಡಿ ಶಾಖೆ ಬಂದಿದೆ, ಏತ ನೀರಾವರಿ ಬಂದಿದೆ. ನೀರು ಮುಟ್ಟಿದಲ್ಲಿ ರಸ್ತೆಯ ಎರಡೂ ಬದಿಯ ಹೊಲ ವರ್ಷವಿಡೀ ಹಸಿ. ಅದು ಸಂತೋಷದ ಸಂಗತಿ, ಕಾಲುವೆಯ ಕೊನೆಯ ಹಳ್ಳಿಗಳು ತಮಗೂ ಮುಟ್ಟಲೆಂದು ಇನ್ನೂ ಕೇಳುತ್ತಲೇ ಇವೆ. ಆದರೆ ಒಣ ನೆಲಕ್ಕೆಂದು ಮಾಡಿದ ರಸ್ತೆ ಹಸಿ ನೆಲದ ಮೇಲೆ ಕೂತಿದೆ ಎಂಬುದನ್ನು ಅಂದಾಜು ಪತ್ರಿಕೆ ಬರೆಯುವವರು ಲೆಕ್ಕಕ್ಕೆ ಹಿಡಿಯಬೇಕಷ್ಟೆ.

ಸಿಂದಗಿಯಲ್ಲಿ ರಾಷ್ಟ್ರೀಯ ಹೆದ್ದಾರಿ 50 ಊರನ್ನು ಮುಟ್ಟಿ ಹೋಗುತ್ತದೆ. ಕಲಬುರಗಿಯ ಕಡೆಯ ಲಾರಿ, ವಿಜಯಪುರದ ಕಡೆಯ ಬಸ್ಸು, ನಡುವೆ ಟಂಟಂ, ಅದರ ನಡುವೆ ಸೈಕಲ್ ಮೇಲೆ ಹೈಸ್ಕೂಲಿನ ಹುಡುಗರು. ಸಂಶೋಧಕ ಎಂ.ಎಂ. ಕಲಬುರ್ಗಿ 1938ರಲ್ಲಿ ಹುಟ್ಟಿದ ಯರಗಲ್ಲ ಗ್ರಾಮ ಈ ತಾಲ್ಲೂಕಿನದೇ. ಆ ಕಾಲದ ಹಳ್ಳಿಯ ಹುಡುಗನಿಗೆ ಶಾಲೆಯೆಂದರೆ ಮೊದಲು ನಡಿಗೆ, ಆಮೇಲೆ ಅಕ್ಷರ.

ಇಲ್ಲಿ ಬಂದು ನಿಲ್ಲುವ ಬಸ್ಸಿನ ಮೈಮೇಲಿನ ಹೆಸರನ್ನು ಓದಬೇಕು: ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. ವಿಜಯಪುರ ಜಿಲ್ಲೆಯ ಬಸ್ಸುಗಳು ಈ ನಿಗಮದವು. ಆದರೆ ಜಿಲ್ಲೆ ಮಾತ್ರ ಕಲ್ಯಾಣ ಕರ್ನಾಟಕದಲ್ಲಿಲ್ಲ. 1956ಕ್ಕಿಂತ ಮೊದಲು ಇದು ಮುಂಬಯಿ ರಾಜ್ಯ, ಪಕ್ಕದ ಜೇವರ್ಗಿ, ಅಫಜಲಪುರ ಹೈದರಾಬಾದಿನ ಸೀಮೆ. ಸಂವಿಧಾನದ 371 ಜೆ ವಿಧಿಯಿಂದ ಆಚೆಯ ತಾಲ್ಲೂಕುಗಳ ಮಕ್ಕಳಿಗೆ ಕಾಲೇಜು ಸೀಟಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಸಿಕ್ಕಿತು, ರಸ್ತೆ ಶಾಲೆಗಳಿಗೆ ಪ್ರತ್ಯೇಕ ಮಂಡಳಿಯ ಹಣ ಸಿಕ್ಕಿತು. ಅದೇ ಮಣ್ಣು, ಅದೇ ಮಳೆ, ಅದೇ ಬಸ್ಸು. ಗಡಿಯ ಈಚೆಯ ತಂದೆತಾಯಂದಿರು ಮಕ್ಕಳ ಅರ್ಜಿ ತುಂಬುವಾಗ ನಿಟ್ಟುಸಿರು ಬಿಟ್ಟರೆ ತಪ್ಪೆನ್ನುವಂತಿಲ್ಲ.

ಸಿಂದಗಿ ಬಿಟ್ಟು ದಕ್ಷಿಣಕ್ಕೆ ತಾಳಿಕೋಟೆಯತ್ತ ತಿರುಗಿದರೆ ಡೋಣಿ ನದಿಯ ಸೀಮೆ. ತಾಳಿಕೋಟೆ ಮೊದಲು ಮುದ್ದೇಬಿಹಾಳ ತಾಲ್ಲೂಕಿನಲ್ಲಿತ್ತು, ಈಗ ತಾನೇ ತಾಲ್ಲೂಕು ಕೇಂದ್ರ. ಡೋಣಿ ಹುಟ್ಟುವುದು ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ, ಸೇರುವುದು ಕೃಷ್ಣೆಯನ್ನು. ಬೇಸಿಗೆಯಲ್ಲಿ ನೋಡಿದರೆ ಇದು ನದಿಯೇ ಎಂದು ಅನುಮಾನ ಬರುವಂಥ ಸವುಳು ನೀರಿನ ಹಳ್ಳ. ಡೋಣಿ ಬೆಳೆದರೆ ಓಣಿಗೆಲ್ಲ ಜೋಳ ಎಂಬ ಮಾತು ಈ ಕಡೆ ಹಳೆಯದು, ಅದು ಹೊತ್ತು ತರುವ ಮಣ್ಣಿಗೆ ಆ ಕಸುವಿದೆ. ಆ ಮಣ್ಣೇ ಪಾತ್ರದಲ್ಲಿ ಹೂಳಾಗಿ ಕೂತು, ನದಿಗೆ ಆಳವಿಲ್ಲದಂತಾಗಿದೆ. ಒಂದು ರಾತ್ರಿ ಜೋರಾಗಿ ಮಳೆ ಹೊಡೆದರೆ ನೀರು ದಂಡೆ ಬಿಟ್ಟು ಹೊಲ ಹೊಕ್ಕುತ್ತದೆ. ತಾಳಿಕೋಟೆ–ಹಡಗಿನಾಳ ಮಾರ್ಗದ ಕೆಳಸೇತುವೆ ಮುಳುಗಿದ ಸುದ್ದಿ ಎಷ್ಟೋ ಮಳೆಗಾಲ ಪತ್ರಿಕೆಯಲ್ಲಿ ಬಂದಿದೆ.

ಸೇತುವೆ ಮುಳುಗಿದ ದಿನ ಆಚೆ ದಂಡೆಯ ಮನೆಗಳಲ್ಲಿ ಏನಾಗುತ್ತದೆ? ದೊಡ್ಡವರ ಸಂತೆ ತಪ್ಪಿದರೆ ಮುಂದಿನ ವಾರ ಇದೆ. ಕಿರುಪರೀಕ್ಷೆ ತಪ್ಪಿದ ಹುಡುಗನಿಗೆ ಗುರುಗಳು ಇನ್ನೊಮ್ಮೆ ಕೊಟ್ಟಾರು. ಹುಡುಗಿಯ ವಿಷಯ ಬೇರೆ. ಬಸ್ಸು ಬಾರದೆ ಸಂಜೆ ಎಲ್ಲೋ ಸಿಕ್ಕಿಕೊಂಡಳೆಂದರೆ “ಇನ್ನ ಸಾಕ ಬಿಡವ್ವಾ ಸಾಲಿ” ಎಂಬ ಮಾತು ಅಂದೇ ರಾತ್ರಿ ಊಟದ ಹೊತ್ತಿಗೆ ಬರುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೀಟಿನ ಚಿಂತೆ ತಪ್ಪಿತು. ಆದರೆ ಬಸ್ಸಿನ ಮುಂದಿನ ತಗ್ಗು, ಮುಳುಗುವ ಸೇತುವೆ ಇದ್ದಲ್ಲೇ ಇವೆ. ಒಂದು ಕೆಳಸೇತುವೆಯನ್ನು ಎರಡಾಳು ಎತ್ತರಿಸಿದರೆ ಎಷ್ಟು ಹುಡುಗಿಯರು ಕಾಲೇಜು ಮುಗಿಸುತ್ತಾರೆಂಬ ಲೆಕ್ಕವನ್ನು ಯಾವ ಅಂದಾಜು ಪತ್ರಿಕೆಯೂ ಬರೆಯುವುದಿಲ್ಲ.

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ, ರಕ್ಕಸಗಿ ಹೆಸರುಗಳು ಇತಿಹಾಸದ ಪುಸ್ತಕದವು. 1565ರ ಜನವರಿ 23ರಂದು ವಿಜಯನಗರದ ಭಾಗ್ಯ ಮುಗಿದ ಯುದ್ಧವನ್ನು ತಾಳಿಕೋಟೆಯ ಹೆಸರಿನಿಂದಲೂ ಈ ಎರಡು ಊರುಗಳ ಹೆಸರಿನಿಂದಲೂ ಕರೆಯುತ್ತಾರೆ. ಅಷ್ಟೊಂದು ಆನೆ, ಕುದುರೆ, ತೋಪಿನ ಬಂಡಿಗಳು ಈ ನೆಲದಲ್ಲಿ ಓಡಾಡಿದ್ದು ಜನವರಿಯಲ್ಲಿ, ಎರೆ ಒಣಗಿ ಗಟ್ಟಿಯಾಗಿರುವ ತಿಂಗಳಲ್ಲಿ. ಆಗಸ್ಟಿನಲ್ಲಾಗಿದ್ದರೆ ರಾಡಿಯಲ್ಲಿ ಗಾಲಿ ಹೂತು ಎರಡೂ ಕಡೆಯವರೂ ಮನೆಗೆ ಮರಳುತ್ತಿದ್ದರೋ ಏನೋ!

ಯುದ್ಧದ ಮಾತು ಬಿಟ್ಟರೆ, ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ಸಂಜೆ ಕಾಣುವ ಇನ್ನೊಂದು ದೃಶ್ಯವಿದೆ. ಗಂಟು, ಪಾತ್ರೆ, ಸಲಿಕೆ ಹಿಡಿದು ಗೋವಾ, ಮಂಗಳೂರು, ಪುಣೆಯ ಬಸ್ಸಿಗೆ ಕಾಯುವ ಕುಟುಂಬಗಳು. ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವುದು ನಾಲ್ಕೂ ತಾಲ್ಲೂಕಿಗೆ ಸಾಮಾನ್ಯ. ಅಲ್ಲಿ ಅವರಿಗೆ ಸಿಗುವ ಕೆಲಸವೂ ಕಟ್ಟಡದ್ದು, ಗಟಾರದ್ದು, ರಸ್ತೆಯದು. ಗೋವಾದ ನುಣುಪು ರಸ್ತೆಗೆ ಡಾಂಬರು ಸುರಿದ ಕೈ ಮನೆಗೆ ಮರಳುವಾಗ ತಗ್ಗಿನ ರಸ್ತೆಯಲ್ಲಿ ಬಸ್ಸಿನ ಕಂಬಿ ಹಿಡಿದು ನಿಲ್ಲುತ್ತದೆ. ಮಕ್ಕಳು ಅಜ್ಜಿಯ ಹತ್ತಿರವೋ ಹಾಸ್ಟೆಲಿನಲ್ಲೋ ಉಳಿಯುತ್ತಾರೆ, ಇಲ್ಲವೆ ಶಾಲೆ ಬಿಟ್ಟು ಜೊತೆಗೇ ಹೋಗುತ್ತಾರೆ.

ಬಸವನಬಾಗೇವಾಡಿಯ ಕಥೆ ಓಣಿಗಳದು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣ ಹುಟ್ಟಿದ ಊರು. 2024ರ ಜನವರಿಯಲ್ಲಿ ಸರಕಾರ ಅವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿದ ಮೇಲೆ ನೋಡಲು ಬರುವವರ ನಿರೀಕ್ಷೆಯೂ ಹೆಚ್ಚಿದೆ. ಅವರ ಮನೆ ಇತ್ತೆನ್ನುವ ಜಾಗದಲ್ಲಿ ಸ್ಮಾರಕ ಎದ್ದಿದೆ, ಮೂಲನಂದೀಶ್ವರನ ಗುಡಿಗೆ ಶ್ರಾವಣದ ಜಾತ್ರೆಗೆ ಸುತ್ತಿನ ಹಳ್ಳಿಗಳು ಸೇರುತ್ತವೆ. ಶ್ರಾವಣವೆಂದರೆ ಮಳೆ, ಮಳೆಯೆಂದರೆ ರಾಡಿ. ಹಳೆಯ ಊರಿನ ಓಣಿಗಳು ಎರಡು ಚಕ್ಕಡಿ ಎದುರಾದರೆ ಒಂದು ಹಿಂದೆ ಸರಿಯಬೇಕಾದ ಅಳತೆಯವು. ಬರುವವರಿಗೆ ಅಗಲ ರಸ್ತೆ ಬೇಕು. ಇರುವವರಿಗೆ ಮನೆ ಬೇಕು.

ಇದು ಬಾಗೇವಾಡಿಯೊಂದರ ಪೇಚಲ್ಲ. 2011ರ ಜನಗಣತಿಯಲ್ಲಿ ಮೂವತ್ತು ನಲವತ್ತು ಸಾವಿರದ ನಡುವೆ ಇದ್ದ ಈ ನಾಲ್ಕೂ ಊರುಗಳು ಹಳ್ಳಿಯ ಮೈಕಟ್ಟಿನಲ್ಲೇ ಪಟ್ಟಣವಾದವು. ರಸ್ತೆ ಅಗಲ ಮಾಡುವ ಮಾತು ಎದ್ದಾಗಲೆಲ್ಲ ಗೋಡೆಗಳ ಮೇಲೆ ಕೆಂಪು ಗೆರೆ ಬೀಳುತ್ತದೆ, ಅಂಗಡಿಯ ತಗಡು, ಮನೆಯ ಕಟ್ಟೆ ಹೋಗುತ್ತವೆ. ಕಟ್ಟೆಯೆಂದರೆ ಮುದುಕರು ಕೂಡುವ, ಹುಡುಗರು ಪಾಠ ಓದುವ ಜಾಗ. ಅದನ್ನು ಕೊಟ್ಟ ಮೇಲೂ ರಸ್ತೆ ಉಳಿಯಬೇಕಾದರೆ ಬದಿಗೆ ಗಟಾರ ಬೇಕು. ಅಸಲು ತೊಡಕು ಇಲ್ಲಿದೆ. ಹೊಸ ರಸ್ತೆಯಾದ ಮರುತಿಂಗಳೇ ಗಟಾರದ ಮೇಲೆ ಅಂಗಡಿಯ ಮೆಟ್ಟಿಲು, ಮೆಟ್ಟಿಲ ಮೇಲೆ ಫಲಕ, ಗಟಾರದ ಒಳಗೆ ಪ್ಲಾಸ್ಟಿಕ್ಕು. ಆಮೇಲೆ ನೀರಿನ ಕೊಳವೆಯವರು ಬಂದು ಅಗೆಯುತ್ತಾರೆ, ಅಗೆದದ್ದನ್ನು ಅದೇ ಎರೆಮಣ್ಣಿನಿಂದ ಮುಚ್ಚಿ ಹೋಗುತ್ತಾರೆ. ಹೋಗಲು ದಾರಿಯಿಲ್ಲದ ನೀರು ರಸ್ತೆಯ ಕೆಳಗೆ ಇಳಿಯುತ್ತದೆ. ಮಿಕ್ಕದ್ದನ್ನು ಎರೆ ನೋಡಿಕೊಳ್ಳುತ್ತದೆ. ಕಾಂಕ್ರೀಟ್ ಹಾಕಿದರೆ ಎಲ್ಲವೂ ಸರಿ ಹೋಗುತ್ತದೆಂಬ ನಂಬಿಕೆ ಈಗ ಎಲ್ಲ ಕಡೆ ಇದೆ. ಕೆಳಗೆ ನೀರು ನಿಂತರೆ ಕಾಂಕ್ರೀಟೂ ಬಿರುಕು ಬಿಡುತ್ತದೆ. ತಗ್ಗು ಮುಚ್ಚಿದಷ್ಟು ಸುಲಭವಾಗಿ ಅದನ್ನು ಮುಚ್ಚಲೂ ಬಾರದು.

ಹಾಗಾದರೆ ಊರನ್ನೇ ಹೊಸದಾಗಿ, ಅಳತೆ ಹಿಡಿದು ಕಟ್ಟಿದರೆ? ಅದಕ್ಕೂ ಒಂದು ಉದಾಹರಣೆ ಹತ್ತಿರವೇ ಇದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟು 2005ರಲ್ಲಿ ಪೂರ್ಣವಾಯಿತು. ಅದರ ಹಿನ್ನೀರಿಗೆ ಕೊಟ್ಟ ಊರುಗಳಲ್ಲಿ ಆಗ ಬಾಗೇವಾಡಿ ತಾಲ್ಲೂಕಿನಲ್ಲಿದ್ದ ಕೊಲ್ಹಾರವೂ ಒಂದು. ಜನ ಎತ್ತರದ ಪುನರ್ವಸತಿ ಕೇಂದ್ರಕ್ಕೆ ಬಂದರು. ಅಲ್ಲಿ ರಸ್ತೆಗೆ ಗೆರೆ ಹಾಕಿದ ಮೇಲೆ ಮನೆ ಬಂದವು. ನಕಾಶೆಯ ಕಣ್ಣಿಗೆ ಇದೇ ಸರಿಯಾದ ಊರು. ಹಳೆಯ ಓಣಿಯಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡು ಬಾಳಿದವರಿಗೆ ನೆರೆಮನೆಯೇ ದೂರವಾಯಿತೆಂಬ ಮಾತೂ ಉಂಟು.

ಕೊಲ್ಹಾರದ ಮೊಸರು ಮಾತ್ರ ಊರಿನೊಂದಿಗೆ ಮುಳುಗಲಿಲ್ಲ. ಅದು ಹೆದ್ದಾರಿಗೆ ಬಂತು. ಕೃಷ್ಣೆಯ ಮೇಲಿನ ಉದ್ದನೆಯ ಕೊರ್ತಿ–ಕೊಲ್ಹಾರ ಸೇತುವೆಯ ಹಾದಿಯಲ್ಲಿ ಬಸ್ಸು ನಿಂತರೆ ಮಣ್ಣಿನ ಗಡಿಗೆಯ ಮೊಸರು ಕಿಟಕಿಗೆ ಬರುತ್ತದೆ. ಗಡಿಗೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿಯೆಂದು ಮಾರುವವರ ಹೊಗಳಿಕೆ. ಆದರೂ ಬಾಗೇವಾಡಿಯ ಕಡೆ ಹೋಗುವ ಬಸ್ಸು ಹತ್ತಿದ ಕಾಲೇಜಿನ ಹುಡುಗಿ ಪಾಟಿಚೀಲವನ್ನು ಕಾಲ ಸಂದಿಗೆ ಇಟ್ಟು, ಗಡಿಗೆಯನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದು ಕೂಡುತ್ತಾಳೆ. ಮುಂದಿನ ತಗ್ಗು ಎಲ್ಲಿ ಬರುತ್ತದೆಂದು ಅವಳಿಗೆ ಗೊತ್ತು.