ಕುದಿಸಿದರೂ ಕುಡಿಯಲಾಗದ ನೀರು

ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಗಳಲ್ಲಿ ಮೂವತ್ತು ವರ್ಷ ನಾನು ಕಲಿಸಿದ ಪಾಠಗಳಲ್ಲಿ ಒಂದನ್ನು ಎಂದೂ ಸಂಶಯಿಸಿರಲಿಲ್ಲ: ನೀರು ಕೆಟ್ಟಿದೆಯೆನಿಸಿದರೆ ಕುದಿಸಿ, ಆರಿಸಿ, ಸೋಸಿ ಕುಡಿಯಿರಿ. ಬೇಸಿಗೆಯಲ್ಲಿ ಬಾವಿಯ ತಳ ಕಾಣುವ ನಮ್ಮ ಸೀಮೆಯಲ್ಲಿ ಆ ಮಾತು ಎಷ್ಟೋ ಮಕ್ಕಳನ್ನು ಕಾಪಾಡಿದೆ.

2014ರಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕದ ಒಹಾಯೊ ರಾಜ್ಯದ ಟೊಲೆಡೊ ನಗರಕ್ಕೆ ಹೋಗಿದ್ದೆ. ಆಗಸ್ಟ್ 2, ಶನಿವಾರ. ನಸುಕಿನಲ್ಲೆದ್ದು ಮೊಮ್ಮಗಳ ಹಾಲಿನ ಪುಡಿಗೆಂದು ನಲ್ಲಿಯ ನೀರನ್ನು ಒಲೆಯ ಮೇಲಿಟ್ಟೆ. ನೀರು ತಿಳಿಯಾಗಿತ್ತು, ವಾಸನೆಯಿರಲಿಲ್ಲ. ಅಳಿಯ ಫೋನು ಹಿಡಿದು ಓಡಿಬಂದು ಪಾತ್ರೆಯನ್ನು ಕೆಳಗಿಳಿಸಿದ.

“ಈ ನೀರು ಕುಡಿಯಬಾರದಂತೆ.”

“ಅದಕ್ಕೇ ಕುದಿಸುತ್ತಿದ್ದೇನಲ್ಲ?”

“ಕುದಿಸಲೂಬಾರದಂತೆ ಅತ್ತೆ.”

ಆ ನಗರ ನೀರು ಪಡೆಯುವುದು ಈರೀ ಸರೋವರದಿಂದ. ಅದರ ಆಳ ಕಡಿಮೆಯಿರುವ ಪಶ್ಚಿಮ ಭಾಗಕ್ಕೆ ಮೌಮೀ ನದಿಯು ಹೊಲಗಳ ಗೊಬ್ಬರದಲ್ಲಿನ ರಂಜಕವನ್ನು ಹೊತ್ತು ತರುತ್ತದೆ. ಬೇಸಿಗೆಯ ಬಿಸಿಲಿಗೆ ನೀಲಿ-ಹಸಿರು ಪಾಚಿ ಕೊಬ್ಬಿ ಬೆಳೆಯುತ್ತದೆ. ಅದರಿಂದ ಹುಟ್ಟುವ ಮೈಕ್ರೊಸಿಸ್ಟಿನ್ ಎಂಬ ವಿಷ ಯಕೃತ್ತನ್ನು ಕೆಡಿಸುತ್ತದೆ. ಆಗ ಅಲ್ಲಿದ್ದ ಮಿತಿಯಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ಒಂದು ಮೈಕ್ರೊಗ್ರಾಮ್ ಮೀರಬಾರದಿತ್ತು. ಕುದಿಸಿದರೆ ರೋಗಾಣು ಸಾಯುತ್ತದೆ, ಈ ವಿಷ ಸಾಯುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ವಿಷ ಗಾಢವಾಗುತ್ತದೆ.

ಇದನ್ನೆಲ್ಲ ಮಗಳು ಬಿಡಿಸಿ ಹೇಳುತ್ತಿದ್ದಾಗ ನನ್ನ ಮನಸ್ಸು ಹಿಂದಿನ ರಾತ್ರಿಯಲ್ಲಿತ್ತು. ಹನ್ನೊಂದು ಗಂಟೆಗೆ ನಾನೇ ಮಗುವಿಗೆ ಹಾಲು ಕುಡಿಸಿದ್ದೆ. ಅದೇ ನಲ್ಲಿಯ ನೀರು. ಚೆನ್ನಾಗಿ, ಬಹಳ ಹೊತ್ತು ಕುದಿಸಿದ್ದೆ. ಬಾಯಿಬಿಟ್ಟು ಹೇಳಲಾರದೆ ತೊಟ್ಟಿಲ ಪಕ್ಕದಲ್ಲಿ ಕುಳಿತೆ. ಸಂಜೆ ಹೇಳಿದಾಗ ಮಗಳು, “ನನಗೂ ಗೊತ್ತಿತ್ತವ್ವ,” ಎಂದಷ್ಟೇ ಅಂದಳು.

ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ನೀರು ಅದು. ಬೆಳಗಾಗುವಷ್ಟರಲ್ಲಿ ಅಂಗಡಿಗಳ ಬಾಟಲಿ ನೀರು ಖಾಲಿ. ಅಳಿಯ ದೂರದ ಊರಿಗೆ ಕಾರಿನಲ್ಲಿ ಹೋಗಿ ತಂದ. ಸೈನಿಕರೂ ನೀರು ಹಂಚಿದರು. ತಂದದ್ದನ್ನು ಅಳೆದು ಬಳಸುವುದು ನನ್ನ ಪಾಲಿಗೆ ಬಂತು. ಮೊದಲು ಮಗುವಿಗೆ, ಆಮೇಲೆ ಬಾಣಂತಿಗೆ, ಉಳಿದದ್ದು ಅನ್ನಕ್ಕೆ. ಕೊಡ ಎಣಿಸಿ ಸಂಸಾರ ನಡೆಸಿದವಳಿಗೆ ಅದು ಕಷ್ಟವಾಗಲಿಲ್ಲ. ಕಷ್ಟವಾದದ್ದು, ತುಂಬಿ ಹರಿಯುವ ನಲ್ಲಿಯನ್ನು ನೋಡುತ್ತ ಸುಮ್ಮನಿರುವುದು.

ಸೋಮವಾರ ಬೆಳಿಗ್ಗೆ ನಿರ್ಬಂಧ ತೆರವಾಯಿತು. ನಗರದ ಮೇಯರ್ ಎಲ್ಲರೆದುರು ಒಂದು ಲೋಟ ನೀರು ಕುಡಿದು ತೋರಿಸಿದರು. ಮಗು ಆರೋಗ್ಯವಾಗಿಯೇ ಇತ್ತು. ಆದರೂ ಒಂದು ವಾರ ನಾನು ಆ ನೀರನ್ನು ಅದಕ್ಕೆ ಕೊಡಲಿಲ್ಲ.

ಊರಿಗೆ ಮರಳಿದ ಮೇಲೆ ಹಳೆಯ ಶಾಲೆಗೆ ಹೋಗಿ ಏಳನೆಯ ತರಗತಿಯವರೆದುರು ನನ್ನ ಪಾಠವನ್ನು ತಿದ್ದಿದೆ. ರೋಗಾಣುವಿನ ಭಯವಿದ್ದರೆ ಕುದಿಸಿರಿ. ಕೆರೆಯ ಮೇಲೆ ಹಸಿರು ಕೆನೆ ಕಟ್ಟಿದ್ದರೆ ಆ ನೀರನ್ನು ದನಕ್ಕೂ ಕುಡಿಸಬೇಡಿರಿ, ಕುದಿಸುವುದನ್ನು ನೆಚ್ಚಬೇಡಿರಿ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತ.

“ಬಾಯಾರ, ನಮ್ಮ ಕಬ್ಬಿಗೂ ರಂಜಕದ ಗೊಬ್ಬರಾನ ಹಾಕ್ತೀವ್ರಿ. ಅದೂ ಹಳ್ಳಕ್ಕ ಹೋಗತೈತೇನ್ರಿ?”

ಹೋಗುತ್ತದೆ ಎಂದೆ. ಮನೆಯಲ್ಲಿ ಅಪ್ಪನಿಗೂ ಇದೇ ಪ್ರಶ್ನೆಯನ್ನು ಕೇಳು ಎಂದೆ.